ಅಕ್ಕಿಕಾಳು ಬೀಳುವಾಗ ನಿಂತ ಚಿತ್ರ

ನಿಪ್ಪಾಣಿಯ ನಮ್ಮ ಮನೆಗೆ ಎರಡೇ ಖೋಲಿ. ಹೊರಗಿನ ಖೋಲಿಯಲ್ಲಿ ಅವ್ವ ಬೀಡಿ ಕಟ್ಟುತ್ತಿದ್ದಳು, ನಾವು ಉಣ್ಣುತ್ತಿದ್ದೆವು, ಬಂದವರು ಕೂಡುತ್ತಿದ್ದರು. ಒಳಗಿನದು ಅಡುಗೆಗೆ, ಜಳಕಕ್ಕೆ, ದೇವರಿಗೆ ಮತ್ತು ಜಗಳಕ್ಕೆ. ಜಗಳವೇನಿದ್ದರೂ ಒಳಗೇ ಆಗಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. ಅಪ್ಪ ತಂಬಾಕಿನ ವಖಾರದಲ್ಲಿ ಮೂಟೆ ಹೊರುತ್ತಿದ್ದ. ಮೈಗೆ ಹತ್ತಿದ ತಂಬಾಕಿನ ಘಾಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ಆದರೆ ಓಣಿಯಲ್ಲಿ ಅವನ ಮಾತಿಗೆ ತೂಕವಿತ್ತು, ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ. ವಿಚಿತ್ರವೆಂದರೆ ಎರಡು ಖೋಲಿಗಳ ನಡುವೆ ಇದ್ದದ್ದು ಗೋಡೆಯಲ್ಲ, ಬರೀ ತಗಡು. ಒಳಗೆ ಪಿಸುಗುಟ್ಟಿದರೂ ಹೊರಗೆ ಕೇಳುತ್ತಿತ್ತು. ಹೀಗಾಗಿ ನಮ್ಮ ಮನೆಯ ಜಗಳಗಳೆಲ್ಲ ದನಿ ತಗ್ಗಿಸಿ ಆಗುತ್ತಿದ್ದವು. ಕೂಗಿ ಮುಗಿಸಿದ ಜಗಳ ಅಂದೇ ಮುಗಿಯುತ್ತದೆ. ಪಿಸುಮಾತಿನ ಜಗಳ ವರುಷಗಟ್ಟಲೆ ಉಳಿಯುತ್ತದೆಂದು ನಾನು ಕಲಿತದ್ದು ಆ ತಗಡಿನ ಈಚೆ ಕೂತು.

ಹೊರಗಿನ ಖೋಲಿಯ ಗೋಡೆಯ ಗೂಡಿನಲ್ಲಿ ಟೀವಿ, ಅದರ ಕೆಳಗೆ ಡಿವಿಡಿ ಪ್ಲೇಯರ್. ಇನ್ನೊಬ್ಬರ ಮನೆಯಲ್ಲಿ ಹಳತಾದ ಮೇಲೆ ಅದು ನಮ್ಮ ಮನೆಗೆ ಬಂತು, ನಮಗೆ ಹೊಸದಾಯಿತು. ಬೀಡಿಗೆ ಸುತ್ತುವ ತೆಳುವಾದ ದಾರದಿಂದ ಅವ್ವ ಅದಕ್ಕೊಂದು ಮುಸುಕು ಹೆಣೆದಿದ್ದಳು. ಡಿಸ್ಕ್ ಹಾಕುವ ಮುಂಚೆ ಮುಸುಕು ತೆಗೆದು, ಮಡಚಿ, ಟೀವಿಯ ಮೇಲಿಡಬೇಕು. ಅದು ಅವ್ವನ ಕೆಲಸ. ಬೇರೆಯವರು ತೆಗೆದರೆ ಮಡಿಕೆ ಸರಿಯಾಗುವುದಿಲ್ಲ ಎನ್ನುತ್ತಿದ್ದಳು.

ಮನೆಯಲ್ಲಿ ನಾವು ಐವರು. ಅಪ್ಪ, ಅವ್ವ, ಅಕ್ಕ ರುಕ್ಮಾ, ನಾನು ಮಾರುತಿ, ಮತ್ತು ಗಂಗತ್ತೆ. ಗಂಗತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಅಪ್ಪ ಓಣಿಯಲ್ಲಿ ಯಾರಿಗೂ ತಲೆಬಾಗುತ್ತಿರಲಿಲ್ಲ, ಅಕ್ಕನ ಮುಂದೆ ಮಾತ್ರ ತಲೆ ಎತ್ತುತ್ತಿರಲಿಲ್ಲ. ರವಿವಾರ ಎಲ್ಲರೂ ತಲೆ ತೊಳೆದುಕೊಂಡು, ಬಿಸಿ ರೊಟ್ಟಿ, ಮಡಿಕೆ ಕಾಳಿನ ಉಸುಳಿ, ಶೇಂಗಾ ಹಿಂಡಿ ಉಂಡಾದ ಮೇಲೆ ಗಂಗತ್ತೆ ಚಾಪೆಯ ನಡುವೆ ಕೂಡುತ್ತಿದ್ದಳು. ಅವಳು ಕೂತ ಮೇಲೆ ಉಳಿದವರು. ಅವ್ವ ಚಾಪೆಗೆ ಬರುತ್ತಿರಲಿಲ್ಲ. ಬಾಗಿಲ ಬದಿಗೆ, ಮಡಿಲಲ್ಲಿ ಮೊರವಿಟ್ಟುಕೊಂಡು ಎಲೆ ಕತ್ತರಿಸುತ್ತ ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದಳು.

ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ದಸ್ತಗೀರ ಮಾಮಾನ ವಿಡಿಯೋ ಅಂಗಡಿಯಿತ್ತು. ಮದುವೆ, ಕೂಸಿಗೆ ಹೆಸರಿಡುವ ಬಾರಸಿ, ಮನೆಯ ವಾಸ್ತುಶಾಂತಿ, ಯಾವುದಿದ್ದರೂ ಮಾಮಾ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಟೇಪಿನಲ್ಲಿ ತಂದದ್ದನ್ನು ಕಂಪ್ಯೂಟರಿಗೆ ಇಳಿಸಿ, ಜನರ ಮನೆಯ ಪ್ಲೇಯರ್‌ಗಳಲ್ಲಿ ಓಡುವ ಹಾಗೆ ಡಿಸ್ಕ್ ಮಾಡುವುದು ಎರಡೇ ವರ್ಷದಲ್ಲಿ ನನ್ನ ಕೈಗೆ ಬಂತು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಯಾವ ಅಕ್ಷರದ ಆಕಾರಕ್ಕೆ ಏನಾಗುತ್ತದೆಂದು ನೆನಪಿಟ್ಟುಕೊಂಡೇ ಕಲಿತೆ. ಕಾಲೇಜು ಓದಿದ ಹುಡುಗರು ಬಂದು ಒಂದು ತಿಂಗಳು ನಿಲ್ಲಲಿಲ್ಲ, ನಾನು ನಿಂತೆ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಿಲ್ಲ.

ಅಕ್ಕನ ಮದುವೆ ಮನೆಯ ಮುಂದೆಯೇ ಪೆಂಡಾಲ್ ಹಾಕಿ ಆಯಿತು. ಗಂಡಿನ ಊರು ರಾಯಬಾಗದ ಕಡೆ, ಕಬ್ಬಿನ ಗದ್ದೆಗಳ ನಡುವೆ. ನಮ್ಮಲ್ಲಿ ಒಂದು ಕಟ್ಟಳೆಯಿದೆ. ಮಗಳ ಮೇಲೆ ಅಕ್ಕಿಕಾಳು ಬೀಳುವುದನ್ನು ಹೆತ್ತವಳು ನೋಡಬಾರದು. ಹೊರಗೆ ಮಂಗಳಾಷ್ಟಕ ನಡೆಯುವಾಗ ಅವಳು ಒಳಗೆ ತುಳಸಿಯ ಮುಂದೆ ಕೂತು, ವಾದ್ಯದ ಸಪ್ಪಳ ಕೇಳಿ, ಈಗ ಬಿತ್ತು, ಈಗ ಬಿತ್ತು ಎಂದು ಅಂದಾಜು ಮಾಡಬೇಕು. ಅವ್ವನೂ ಒಳಗೇ ಕೂತಿದ್ದಳು. ಹಾಗೆಂದೇ ಎಲ್ಲರೂ ತಿಳಿದಿದ್ದರು.

ಮಾಮಾ ಎರಡು ಡಿಸ್ಕ್ ಮಾಡಿಕೊಟ್ಟ. ಒಂದು ಗಂಡಿನ ಕಡೆಗೆ, ಒಂದು ನಮಗೆ. ರವಿವಾರ ಊಟವಾದ ಮೇಲೆ ಅವ್ವ ಮುಸುಕು ತೆಗೆದು ಮಡಚಿಟ್ಟಳು, ನಾನು ಡಿಸ್ಕ್ ಹಾಕಿದೆ. ಅರಿಷಿಣ, ಸುರಗಿ ನೀರಿನ ಜಳಕ, ಬೀಗರ ಸ್ವಾಗತ, ಎಲ್ಲ ಚೆನ್ನಾಗಿ ಓಡಿತು. ಮಂಗಳಾಷ್ಟಕ ಶುರುವಾಯಿತು. ಮೊದಲ ಹಿಡಿ ಅಕ್ಕಿಕಾಳು ಗಾಳಿಗೆ ಹಾರಿದ ಕೂಡಲೇ ಚಿತ್ರ ಚೌಕಚೌಕವಾಗಿ ಒಡೆದು, ವಾದ್ಯ ಕರ್ ಕರ್ ಎಂದು ನಿಂತುಬಿಟ್ಟಿತು. ನಿಂತ ಚಿತ್ರದಲ್ಲಿ ಅಕ್ಕ ತಲೆ ತಗ್ಗಿಸಿದ್ದಳು. ಅವಳ ಹಿಂದೆ, ನಮ್ಮ ಬಾಗಿಲ ಪರದೆಯನ್ನು ಒಂದು ಕೈಯಲ್ಲಿ ಸರಿಸಿ ಅವ್ವ ನಿಂತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಅರೆ ತೆರೆದು ಸೊಟ್ಟಗಾಗಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು ಪ್ಲೇಯರ್ ಒಮ್ಮೆಲೇ ಹಾರಿ ಹಾರ ಬದಲಿಸುವಲ್ಲಿಗೆ ಹೋಯಿತು. ಗಂಗತ್ತೆ ಹಿಂದಕ್ಕೆ ತಿರುಗಿಸಲು ಹೇಳಿದಳು. ಮತ್ತೆ ಅಲ್ಲಿಯೇ ನಿಂತಿತು.

"ಸುಶೀಲಾ, ಬಾಗಲದಾಗ ನಿಂತಾಕಿ ನೀನ ಅಲ್ಲೇನ?"

ಅವ್ವನ ಕತ್ತರಿ ನಿಂತಿತು. "ಹೌದ್ರಿ ಅಕ್ಕಾರ. ಒಂದ ಗಳಿಗಿ ಬಂದಿದ್ದೆ. ಹುಡಿಗಿ ಮಾರಿ ನೋಡಬೇಕ ಅನಸ್ತು."

"ನೋಡಿದ್ದಲ್ದ ಅಳಾಕತ್ತೀಯಲ್ಲ! ಅಕ್ಕಿಕಾಳು ಬೀಳೂಮುಂದ ಹಡದಾಕಿ ಕಣ್ಣಾಗ ನೀರು! ಅದಕ್ಕ ನಿಂತೈತಿ ನೋಡ ಅದು."

"ಅತ್ತಿಲ್ರಿ. ಕಣ್ಣಾಗ ಅಕ್ಕಿಕಾಳು ಬಿತ್ತು. ನಗು ಬಂತು. ನಕ್ಕೇನ್ರಿ."

"ಇದು ನಗೂ ಮಾರಿ ಏನ? ತಮ್ಮಾ, ನೀನ ಹೇಳಪಾ."

ಅಪ್ಪ ಟೀವಿಯನ್ನೂ ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ. "ಬಂದ್ ಮಾಡ ಮಾರುತಿ" ಎಂದ.

ಅಲ್ಲಿಗೆ ಮುಗಿದಿದ್ದರೆ ಮರೆತು ಹೋಗುತ್ತಿತ್ತೇನೋ. ಮುಂದಿನ ರವಿವಾರ ಊಟವಾದ ಮೇಲೆ ಗಂಗತ್ತೆ, "ಹಾಕ್ ನೋಡೂಣು, ಈ ವಾರ ದಾಟತೈತೇನೋ" ಎಂದಳು. ದಾಟಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ದೇವರ ಮುಂದೆ ಹೂವಿನ ಪ್ರಸಾದ ಕೇಳುವ ಹಾಗೆ ಅವಳು ಆ ಡಿಸ್ಕನ್ನು ಕೇಳತೊಡಗಿದಳು. ಅಕ್ಕಿಕಾಳು ಹಾರುವ ಹೊತ್ತಿಗೆ ಕೈ ಜೋಡಿಸುತ್ತಿದ್ದಳು. ನಿಂತ ಕೂಡಲೇ ಕೈ ಬಿಡಿಸಿ ಅವ್ವನ ಕಡೆಗೆ ತಿರುಗುತ್ತಿದ್ದಳು. ಬೈಯುವುದೂ ಬೇಕಾಗಿರಲಿಲ್ಲ. ಪ್ರತಿ ವಾರ ಆ ಒಡಕು ಮುಖದ ಎದುರಿಗೆ ಕೂತು, ಅದೇ ಮುಖದ ಅವ್ವ ಎಲೆ ಕತ್ತರಿಸಬೇಕಿತ್ತು. ಬೇರೆ ಮನೆಯ ಹೊಸ ಪ್ಲೇಯರಿನಲ್ಲಿ ಹಾಕಿ ನೋಡೋಣವೆಂದು ನಾನು ಒಮ್ಮೆ ಅಂದೆ. ಮನೆಯ ಅಪಶಕುನವನ್ನು ಓಣಿಗೆ ಹಂಚುತ್ತೀಯಾ ಎಂದು ಅಪ್ಪ ಗದರಿದ.

ಆರು ತಿಂಗಳಿಗೆ ಅಕ್ಕನ ಊರಿನಿಂದ ಸುದ್ದಿ ಬಂತು. ಮೂರು ತಿಂಗಳ ಬಸಿರು ಹೋಗಿತ್ತು. ಮರುವರ್ಷ ಇನ್ನೊಮ್ಮೆ ಹಾಗೆಯೇ ಆಯಿತು. ಎರಡನೆಯ ಸಲ ಸುದ್ದಿ ಬಂದ ದಿನ ತಗಡಿನ ಆಚೆ ಗಂಗತ್ತೆಯ ಪಿಸುದನಿ ಬಹಳ ಹೊತ್ತು ನಡೆಯಿತು. ಅವ್ವ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ನಾ ಅತ್ತಿಲ್ರಿ. ದೇವರಾಣಿ ಅತ್ತಿಲ್ರಿ." ನಾನು ಈಚೆ ಕೂತು ಚಹಾ ಕುಡಿಯುತ್ತಿದ್ದೆ. ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇಲ್ಲಿ ಬರೆಯಲೇಬೇಕು. ಅತ್ತದ್ದನ್ನು ಒಪ್ಪಿಕೊಂಡುಬಿಟ್ಟರೆ ಏನು ಗಂಟು ಹೋಗುತ್ತದೆ, ಮಗಳನ್ನು ಕಳಿಸುವಾಗ ಯಾವ ತಾಯಿ ಅಳುವುದಿಲ್ಲ, ಎಂದುಕೊಂಡೆ.

ಮರುದಿನ ದಸ್ತಗೀರ ಮಾಮಾನನ್ನು ಕೇಳಿದೆ, ಯಾಕೆ ಅಲ್ಲಿಯೇ ನಿಲ್ಲುತ್ತದೆ ಎಂದು. ಅವನು ನಕ್ಕ.

"ಅರೆ ಬೇಟಾ, ಕಂಪ್ಯೂಟರ್ ಎಲ್ಲಾ ಚಿತ್ರಾನೂ ಪೂರಾ ಬರಕೊಳ್ಳೂದಿಲ್ಲ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಏನ ಫರಕ್ ಐತಿ, ಅಷ್ಟ ಬರಕೊಂತೈತಿ. ಮಂದಿ ಸುಮ್ನ ಕುಂತಾಗ ಬರಿಯೂದ ಏನೈತಿ? ಅಕ್ಕಿಕಾಳ ಬಿದ್ರ ಒಂದೊಂದ ಕಾಳೂ ಒಂದೊಂದ ಕಡೆ ಹಾರತೈತಿ. ಎಲ್ಲಾ ಬರೀಬೇಕು. ಅಷ್ಟು ಒಮ್ಮಿಗಲೇ ಓದಾಕ ನಿಮ್ಮನಿ ಮುದುಕ ಪ್ಲೇಯರಿಗೆ ಕಣ್ಣ ಎಲ್ಲಿ ಅದಾವ?"

"ಮತ್ತ ಏನ ಮಾಡೂದು ಮಾಮಾ?"

"ಸೆಕೆಂಡಿಗೆ ಎಷ್ಟ ಓದಬೇಕು, ಆ ಹರಿವು ಕಡಿಮಿ ಮಾಡು. ಹಳೇ ಪ್ಲೇಯರಿಗೆ ಸಣ್ಣ ತುತ್ತ ಕೊಡಬೇಕು."

ಅಷ್ಟು ಸಾಕಿತ್ತು ನನಗೆ. ನಮ್ಮ ಮದುವೆಯ ಟೇಪನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿ, ಅಂಗಡಿಯ ಕೆಲಸ ಇಲ್ಲದ ಹೊತ್ತಿನಲ್ಲಿ ಮೂರು ಸಲ ಡಿಸ್ಕ್ ಮಾಡಿದೆ. ಒಟ್ಟು ಹರಿವನ್ನು ತಗ್ಗಿಸಿದೆ, ಆದರೆ ಅಕ್ಕಿಕಾಳಿನಂಥ ಜಾಗದಲ್ಲಿ ಅದು ಏರುವ ಗರಿಷ್ಠಕ್ಕೂ ಮಿತಿ ಹಾಕಬೇಕೆಂಬುದು ಆಗ ನನಗೆ ತಿಳಿದಿರಲಿಲ್ಲ. ಎಲ್ಲರ ಮುಖ ನೀರಿನಲ್ಲಿ ನೆನೆದ ಹಾಗಾಯಿತು, ಅಕ್ಕಿಕಾಳಿನ ಹತ್ತಿರ ಬಂದರೆ ಮತ್ತೆ ನಿಲ್ಲುತ್ತಿತ್ತು. ಮಾಮಾನನ್ನು ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಎಲ್ಲ ಬರುತ್ತದೆಂಬ ಸೊಕ್ಕು. ಶನಿವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮದುವೆಯನ್ನು ತೆರೆದು, ಮೊದಲ ಅಕ್ಕಿಕಾಳು ಹಾರುವ ಚಿತ್ರಕ್ಕೆ ಒಂದು ಗುರುತು, ಹಾರ ಬದಲಿಸುವ ಚಿತ್ರಕ್ಕೆ ಒಂದು ಗುರುತು ಹಾಕಿ, ನಡುವಿನದನ್ನು ಕತ್ತರಿಸಿಬಿಟ್ಟೆ. ನಲವತ್ತು ಸೆಕೆಂಡಿರಬಹುದು. ಆ ಜಾಗಕ್ಕೆ ಗುಲಾಬಿ ಹೂ ಅರಳುವ ಒಂದು ಚಿತ್ರ ಹಾಕಿದೆ, ಎಲ್ಲ ಮದುವೆಗೂ ನಾವು ಹಾಕುತ್ತಿದ್ದದ್ದು. ಕತ್ತರಿಸುವ ಮುಂಚೆ ಆ ತುಂಡನ್ನು ಓಡಿಸಿ ನೋಡಲಿಲ್ಲ. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ಅದು ನಿಲ್ಲದೆ ಓಡುತ್ತಿತ್ತು. ಅವ್ವ ಅಳುವುದನ್ನು ನೋಡುವುದು ನನಗೆ ಬೇಡವಾಗಿತ್ತು.

ಆ ರವಿವಾರ ಮಂಗಳಾಷ್ಟಕ ನಡೆಯಿತು, ಗುಲಾಬಿ ಅರಳಿತು, ಅಕ್ಕ ಹಾರ ಹಾಕಿದಳು. ಎಲ್ಲೂ ನಿಲ್ಲಲಿಲ್ಲ. ಗಂಗತ್ತೆ ಜೋಡಿಸಿದ ಕೈ ಹಾಗೇ ಇಟ್ಟುಕೊಂಡು ಕೂತಿದ್ದಳು. ಅಪ್ಪ ಎದ್ದು ಹೋಗುವಾಗ ನನ್ನ ಬೆನ್ನ ಮೇಲೆ ಒಮ್ಮೆ ಕೈ ಇಟ್ಟ. ಅವನು ಹಾಗೆ ಕೈಯಿಟ್ಟದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಉಬ್ಬಿಹೋಗಿದ್ದೆ. ನೀರು ಕುಡಿಯಲು ಒಳಗೆ ಹೋದರೆ ಅವ್ವ ಒಲೆಯ ಮುಂದೆ ನಿಂತಿದ್ದಳು.

"ಮಾರುತಿ, ನನ್ನ ತಗದಿ ಹೌದಲ್ಲೋ?"

"ಹೂಂ. ಅದು ಅಲ್ಲೆ ನಿಂದರತಿತ್ತವ್ವಾ. ನಿನಗ ಅನಸ್ಕೊಳ್ಳೂದ ತಪ್ಪಲಿ ಅಂತ ತಗದೆ."

"ತಗಿಯೂಕಿಂತ ಮೊದಲ ನೋಡಿದೇನ?"

ನಾನು ತಂಬಿಗೆ ಕೆಳಗಿಟ್ಟೆ.

"ನೋಡಿದ್ರ ನಾ ನಕ್ಕಿದ್ದ ಕಾಣತಿತ್ತು. ನೋಡದ ತಗದಿ ಅಂದ್ರ, ಅಕ್ಕಾರ ಹೇಳಿದ್ದ ಖರೇ ಅಂತ ನಿನಗೂ ಅನಿಸೈತಿ."

"ನಿಂಗೇನ ತಿಳಿತೈತಿ ಇದ್ರಾಗಿಂದು? ಮೂರ ವಾರ ಕುಂತ ಮಾಡೀನಿ. ಚೊಲೋ ಮಾಡಿದ್ರೂ ಒಂದ ಹೆಸರ ಇಡ್ತಿ!"

ಇದನ್ನು ನಾನು ಪಿಸುಗುಟ್ಟಲಿಲ್ಲ, ಕೂಗಿ ಹೇಳಿದೆ. ಅವ್ವ ತಗಡಿನ ಕಡೆಗೊಮ್ಮೆ ನೋಡಿ, ನನ್ನ ತಂಬಿಗೆ ಎತ್ತಿ ನೀರು ತುಂಬಿ ಕೊಟ್ಟಳು. ಅಂದಿನಿಂದ ರವಿವಾರ ಅವಳು ಪ್ಲೇಯರಿನ ಮುಸುಕು ತೆಗೆಯಲಿಲ್ಲ. ನಾನೇ ತೆಗೆಯುತ್ತಿದ್ದೆ. ಮಡಿಕೆ ಸರಿಯಾಗುತ್ತಿರಲಿಲ್ಲ.

ಎರಡು ದಿನ ಸೆಟೆದುಕೊಂಡಿದ್ದೆ. ಮೂರನೆಯ ದಿನ, ನೋಡಿಯೇ ಬಿಡೋಣವೆಂದು ಕಂಪ್ಯೂಟರ್ ತೆರೆದೆ. ಜಾಗ ತುಂಬಿತ್ತೆಂದು ಆ ಮದುವೆಯನ್ನು ಶನಿವಾರವೇ ನನ್ನ ಕೈಯಾರೆ ಅಳಿಸಿದ್ದೆ. ಹಾಗಾದರೆ ಟೇಪು. ನಮ್ಮ ಕಸುಬಿನಲ್ಲಿ ಟೇಪು ಇಡುವ ಪದ್ಧತಿಯಿಲ್ಲ. ಡಿಸ್ಕ್ ಕೊಟ್ಟು ಮುಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಮದುವೆ. ನಮ್ಮದೆಂದು ಮಾಮಾ ಎರಡು ವರ್ಷ ಅದನ್ನು ಮೇಲಿನ ಹಲಗೆಯಲ್ಲಿ ಎತ್ತಿಟ್ಟಿದ್ದ. ಕೆಲಸ ಮುಗಿಯಿತೆಂದು ಅದನ್ನು ಇಳಿಸಿ ಖಾಲಿ ಟೇಪುಗಳ ಡಬ್ಬಿಗೆ ಹಾಕಿದವನು ನಾನೇ. ರವಿವಾರವೇ ಅದು ಮಂಗಸೂಳಿಯ ಒಂದು ಮದುವೆಗೆ ಹೋಗಿತ್ತು. ಹಾಕಿ ನೋಡಿದೆ. ಗೊತ್ತಿಲ್ಲದ ಹುಡುಗಿಯೊಬ್ಬಳು ಅರಿಷಿಣ ಹಚ್ಚಿಸಿಕೊಳ್ಳುತ್ತಿದ್ದಳು. ಪೂರ್ತಿ ಟೇಪು ಓಡಿಸಿದೆ, ಕೊನೆಯಲ್ಲಾದರೂ ನಮ್ಮ ಬಾಗಿಲು ಉಳಿದಿರಬಹುದೆಂದು. ಉಳಿದಿರಲಿಲ್ಲ. ಮನೆಯಲ್ಲಿದ್ದ ಹಳೆಯ ಡಿಸ್ಕನ್ನು ಗಂಗತ್ತೆ ಆಗಲೇ ಅಪಶಕುನವೆಂದು ಒಲೆಗೆ ಹಾಕಿದ್ದಳು. ಉಳಿದದ್ದು ಬೀಗರ ಮನೆಯದು. ಅದನ್ನು ಕೇಳಬೇಕಾದರೆ ಯಾಕೆಂದು ಹೇಳಬೇಕಾಗುತ್ತದೆ. ನಾನು ಕೇಳಲಿಲ್ಲ. ಅವ್ವನಿಗೂ ಏನನ್ನೂ ಹೇಳಲಿಲ್ಲ. ಅವಳೂ ಮತ್ತೆ ಆ ಮಾತು ತೆಗೆಯಲಿಲ್ಲ. ಇದೇ ನಮ್ಮಿಬ್ಬರ ನಡುವಿನ ತಗಡಾಯಿತು.

ತಂಬಾಕಿನ ಧೂಳು ಅವ್ವನ ಎದೆಗೆ ಹೊಕ್ಕಿತ್ತು. ಮೂರು ಚಳಿಗಾಲ ಕೆಮ್ಮಿ, ನಾಲ್ಕನೆಯದಕ್ಕೆ ಹೋದಳು. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಬೀಡಿ ಕಾರ್ಮಿಕರ ಕಾರ್ಡಿನಲ್ಲಿದ್ದ ಚಿಕ್ಕ ಚಿತ್ರವೊಂದೇ. ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಕ್ಯಾಮೆರಾಕ್ಕೆ ಹೆದರಿ ಕಣ್ಣು ಬಿಟ್ಟ ಮುಖ. ಮದುವೆಯ ದಿನ ಪೂರ್ತಿ ಅವಳು ಅಡುಗೆ, ಕೆಲಸವೆಂದು ಒಳಗಿನ ಖೋಲಿಯಲ್ಲಿದ್ದಳು. ಮೂರು ತಾಸಿನ ಆ ಡಿಸ್ಕಿನಲ್ಲಿ ಅವಳಿದ್ದದ್ದು ನಾನು ಕತ್ತರಿಸಿದ ತುಂಡಿನಲ್ಲಿ ಮಾತ್ರ. ಈ ಲೆಕ್ಕ ನನಗೆ ಹೊಳೆದದ್ದು ಆ ಫೋಟೋಕ್ಕೆ ಮೊಳೆ ಹೊಡೆಯುವಾಗ.

ಈಗ ಚಿಕ್ಕೋಡಿಯಲ್ಲಿ ನನ್ನದೇ ಅಂಗಡಿಯಿದೆ. ಜನ ಫೋನಿನಲ್ಲಿ ಎಲ್ಲ ನೋಡುತ್ತಾರೆ ನಿಜ, ಆದರೆ ಹಳ್ಳಿಯ ಮನೆಗಳಲ್ಲಿ ಹಳೆಯ ಪ್ಲೇಯರ್‌ಗಳು ಇನ್ನೂ ಸತ್ತಿಲ್ಲ. ಅಥಣಿ, ಕಾಗವಾಡದ ಕಡೆಯಿಂದ ಮಂದಿ ಗೀರು ಬಿದ್ದ ಡಿಸ್ಕ್, ಬೂಷ್ಟು ಹಿಡಿದ ಕ್ಯಾಸೆಟ್ ತರುತ್ತಾರೆ. ಮುದುಕರಿಗೆ ಫೋನ್ ಬರುವುದಿಲ್ಲ, ಮನೆಯ ಪ್ಲೇಯರಿನಲ್ಲೇ ಓಡಬೇಕು ಎನ್ನುತ್ತಾರೆ. ಓಡಿಸಿಕೊಡುತ್ತೇನೆ. ನಾನು ಮಾಡಿದ್ದು ನಿಂತಿತೆಂದು ಇದುವರೆಗೆ ಒಬ್ಬರೂ ವಾಪಸು ಬಂದಿಲ್ಲ. ಅಂಗಡಿಯಲ್ಲಿ ಒಂದೇ ನಿಯಮ. ಯಾವುದನ್ನೇ ಕತ್ತರಿಸುವ ಮುಂಚೆ ಮೊದಲಿನಿಂದ ಕೊನೆಯವರೆಗೆ ಕೂತು ನೋಡಬೇಕು. ಬೇರೆ ಅಂಗಡಿಯವರು ನಗುತ್ತಾರೆ, ಯಾರದೋ ಬೀಗರ ಊಟವನ್ನು ಎರಡು ತಾಸು ನೋಡುತ್ತ ಕೂಡುವ ಹುಚ್ಚನೆಂದು. ನಗಲಿ.

ಅವ್ವ ಹೋದ ಎರಡು ವರ್ಷಕ್ಕೆ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಅವ್ವನದೇ ಹೆಸರು, ಕರೆಯುವುದು ಸುಶಿ ಎಂದು. ಹೋದ ವರ್ಷ ಅಕ್ಕ ಆ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಚೀಲದಿಂದ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ್ದ ಡಿಸ್ಕ್ ತೆಗೆದು ಕೌಂಟರಿನ ಮೇಲಿಟ್ಟಳು.

"ನನ್ನ ಮದವಿದೋ. ಟ್ರಂಕಿನ ತಳದಾಗ ಇತ್ತು. ಇಕಿ ಒಂದ ಸಮನ ಗಂಟ ಬಿದ್ದಾಳ, ಅಜ್ಜಿ ನಡ್ಯಾಡೂದ ನೋಡಬೇಕಂತ."

"ಫೋಟೋದಾಗ ಅಜ್ಜಿ ಸಿಟ್ಟಿಗೆದ್ದಾಂಗ ಕಾಣತಾಳ ಮಾಮಾ" ಎಂದಳು ಸುಶಿ. "ಖರೇನೂ ಹಂಗ ಇದ್ಲೇನ?"

ಡಿಸ್ಕಿನ ಅಂಚು ಹಳದಿಗೆ ತಿರುಗಿತ್ತು. ಮೂರು ಯಂತ್ರಗಳು ಅದನ್ನು ಉಗುಳಿದವು. ನಾಲ್ಕನೆಯದು, ನನ್ನ ಅತಿ ಹಳೆಯದು, ಇಡೀ ದಿನ ತಿಣುಕಾಡಿ ಓದಿತು. ಮರುದಿನ ಬೆಳಿಗ್ಗೆ ನನ್ನ ನಿಯಮದಂತೆ ಮೊದಲಿನಿಂದ ನೋಡುತ್ತ ಕೂತೆ. ಮಂಗಳಾಷ್ಟಕ ಬಂತು. ಅಕ್ಕಿಕಾಳು ಹಾರಿತು. ಪರದೆ ಸರಿಸಿ ಅವ್ವ ನಿಂತಳು. ಕಣ್ಣು ಅರ್ಧ ಮುಚ್ಚಿತು, ಬಾಯಿ ಸೊಟ್ಟಗಾಯಿತು. ಇಲ್ಲಿಯವರೆಗೆ ನನಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಅವಳು ಸೆರಗಿನಿಂದ ಒಂದೇ ಕಣ್ಣನ್ನು ಒತ್ತಿಕೊಂಡಳು, ತಲೆ ಕೊಡವಿದಳು, ಹಲ್ಲು ಕಾಣುವ ಹಾಗೆ ನಕ್ಕಳು. ಆಮೇಲೆ ಅತ್ತಿತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಅಕ್ಕಿಕಾಳನ್ನು ಮಗಳ ಕಡೆಗೆ ಎಸೆದು, ಪರದೆ ಬಿಟ್ಟು ಒಳಗೆ ಹೋದಳು. ಅಷ್ಟೇ. ಚಹಾ ಲೋಟ ಕೆಳಗಿಡುವಷ್ಟು ಹೊತ್ತು.

ಅಂಗಡಿಯ ಶಟರ್ ಅರ್ಧ ಎಳೆದು ಕೂತೆ. ಬಂದ ಗಿರಾಕಿಗಳನ್ನು ಸಂಜೆ ಬರಲು ಹೇಳಿದೆ.

ನಿಪ್ಪಾಣಿಯ ಆ ಮುದುಕ ಪ್ಲೇಯರಿಗೆ ಓಡುವ ಹಾಗೆ ಹೊಸ ಡಿಸ್ಕ್ ಮಾಡಿದೆ. ಹರಿವಿನ ಗರಿಷ್ಠಕ್ಕೆ ಮಿತಿ ಹಾಕಿದರೆ ಏನಾದರೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಅಕ್ಕಿಕಾಳು ಮಂಜಿನ ಹಾಗಾದರೂ ಆಗಲಿ, ಬಾಗಿಲಲ್ಲಿನ ಮುಖ ಉಳಿಯಲೆಂದು ಏಳು ಸಲ ಮಾಡಿ ಏಳು ಸಲ ನೋಡಿದೆ. ರವಿವಾರ ಅಕ್ಕ ಮತ್ತು ಸುಶಿಯನ್ನು ಕರೆದುಕೊಂಡು ಮನೆಗೆ ಹೋದೆ. ಅಪ್ಪನ ಬೆನ್ನು ಬಾಗಿದೆ. ಗಂಗತ್ತೆಯ ಕಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ಗೊತ್ತು. ಊಟವಾದ ಮೇಲೆ ಅವಳನ್ನು ಚಾಪೆಯ ನಡುವೆ ಕೂಡಿಸಿದೆವು. ಅಕ್ಕ ಪ್ಲೇಯರಿನ ಮುಸುಕು ತೆಗೆದಳು. ನಾನು ಡಿಸ್ಕ್ ಹಾಕಿದೆ. ಮಂಗಳಾಷ್ಟಕದ ಹೊತ್ತಿಗೆ ಗಂಗತ್ತೆಯ ಕೈಗಳು ತಾವೇ ಜೋಡಿಸಿಕೊಂಡವು. ವಾದ್ಯ ಎಲ್ಲೂ ತುಂಡಾಗಲಿಲ್ಲ.

"ದಾಟ್ತೇನೋ?"

"ದಾಟ್ತು, ಅತ್ತಿ."

"ಮತ್ತ ತಗದಿ ಏನ ಆಕಿನ್ನ?"

ಇವಳಿಗೆ ಅಂದೇ ತಿಳಿದಿತ್ತು. "ಇಲ್ಲತ್ತಿ. ಅದಾಳ."

"ಏನ ಮಾಡಾಕತ್ತಾಳ?"

"ನಗಾಕತ್ತಾಳ. ಕಣ್ಣಾಗ ಅಕ್ಕಿಕಾಳು ಬಿದ್ದೈತಿ."

"ಖರೇ ಹೇಳು. ನಂಗ ಕಾಣೂದಿಲ್ಲ, ನೀ ಅಂದದ್ದ ನಂಬಬೇಕು."

"ಖರೇನ ಹೇಳತೀನಿ."

ಅವಳು ಗಾಳಿಯಲ್ಲಿ ಕೈಯಾಡಿಸಿ ಅಪ್ಪನನ್ನು ಹುಡುಕಿದಳು. "ತಮ್ಮಾ, ಹೌದೇನೋ?"

ಅಪ್ಪ ಚಾಪೆಯಿಂದ ಎದ್ದಾಗಿತ್ತು. ಗೋಡೆ ಹಿಡಿದುಕೊಂಡು ಒಳಗಿನ ಖೋಲಿಗೆ ಹೋದ. ಸುಶಿ ರಿಮೋಟ್ ಎತ್ತಿಕೊಂಡು ಹಿಂದಕ್ಕೆ ಓಡಿಸಿದಳು. ಅವ್ವ ಮತ್ತೊಮ್ಮೆ ಪರದೆ ಸರಿಸಿದಳು, ಮತ್ತೊಮ್ಮೆ ನಕ್ಕಳು. ಮೂರನೆಯ ಸಲಕ್ಕೆ ಅಕ್ಕ, "ಸಾಕ ಬಿಡ, ಅಜ್ಜಗ ತ್ರಾಸ ಆಗತೈತಿ" ಎಂದು ಹುಡುಗಿಯ ಕೈಯಿಂದ ರಿಮೋಟ್ ಕಸಿದುಕೊಂಡಳು.

ತಗಡಿನ ಆಚೆಯಿಂದ ಅಪ್ಪನ ದನಿ ಬಂತು. ಪಿಸುದನಿಯಲ್ಲ, ಓಣಿಗೆಲ್ಲ ಕೇಳುವಂಥ ದನಿ.

"ಬಂದ್ ಮಾಡಬ್ಯಾಡ್ರಿ. ಓಡ್ಲಿ ಅದು."